ಅನ್ನಾ ಮನೆಯಲ್ಲಿದ್ದಾರೆ

ನವೆಂಬರ್ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಮೂರು ನಲವತ್ತಕ್ಕೆ, ಸೂರ್ಯ ಮುಳುಗಿ ಬೀದಿಯೆಲ್ಲ ಕಪ್ಪಾಗಿದ್ದ ವೇಳೆಯಲ್ಲಿ, ಉಮಾಕಾಂತ ತನ್ನ ಸ್ವಂತ ಮನೆಯ ಬಾಗಿಲಿಗೆ ಕೀಲಿ ತೂರಿಸಿದ. ಜೇಬಿನಲ್ಲಿದ್ದ ಫೋನು ಒಮ್ಮೆ ನಡುಗಿತು. ಕೀಲಿಯನ್ನು ಅರ್ಧ ತಿರುಗಿಸಿದಲ್ಲಿಯೇ ಬಿಟ್ಟು ಆತ ಫೋನನ್ನು ತೆಗೆದು ನೋಡಿದ. ಪರದೆಯ ಮೇಲೆ ಸ್ವೀಡಿಶ್ ಭಾಷೆಯ ಒಂದು ಪುಟ್ಟ ವಾಕ್ಯ ಹೊಳೆಯುತ್ತಿತ್ತು: ‘ಅನ್ನಾ ಎರ್ ಹೆಮ್ಮಾ.’

‘ಎರ್ ಹೆಮ್ಮಾ’ ಎಂದರೆ ಮನೆಯಲ್ಲಿ ಇರುವುದು. ಇದೆ, ಇದ್ದಾನೆ, ಇದ್ದಾಳೆ, ಇದ್ದಾರೆ ಎಂಬ ಭೇದಗಳನ್ನು ಆ ಭಾಷೆಯ ಕ್ರಿಯಾಪದ ಇಟ್ಟುಕೊಂಡಿಲ್ಲ. ಜೀವವಿದ್ದವರಿಗೂ ಇಲ್ಲದವರಿಗೂ ಅಲ್ಲಿ ಒಂದೇ ಮರ್ಯಾದೆ. ಇನ್ನು ಮೊದಲ ಪದದಲ್ಲಿದ್ದುದು ನಾಲ್ಕೇ ನಾಲ್ಕು ರೋಮನ್ ಅಕ್ಷರ: ಎ, ಎನ್, ಎನ್, ಎ. ಎಂಟು ತಿಂಗಳಿಂದ ಹೆಂಡತಿ ಊರಲ್ಲಿಲ್ಲದೆ, ಒಣ ಬ್ರೆಡ್ಡಿಗೆ ಉಪ್ಪಿನಕಾಯಿ ಸವರಿಕೊಂಡು ದಿನ ನೂಕುತ್ತಿದ್ದ ದಾವಣಗೆರೆಯ ಗಂಡಸೊಬ್ಬ ಆ ನಾಲ್ಕು ಅಕ್ಷರಗಳನ್ನು ಹೇಗೆ ಓದಬಹುದೋ ಹಾಗೆಯೇ ಉಮಾಕಾಂತ ಓದಿದ. ಅನ್ನ. ಅನ್ನ ಮನೆಯಲ್ಲಿದೆ.

ಆತನಿಗೆ ಆಶ್ಚರ್ಯವಾಗಲಿಲ್ಲ, ಹಸಿವಾಯಿತು. ಬೆಳಿಗ್ಗೆ ಕುಕ್ಕರಿಗೆ ಅಕ್ಕಿ ಹಾಕಿ ಟೈಮರ್ ತಿರುಗಿಸಿ ಹೋದಂತೆ ಏನೋ ಮಸುಕು ನೆನಪು. ಮನೆಗೆ ಹೊಸದಾಗಿ ಬಂದ ಥರ್ಮೋಸ್ಟ್ಯಾಟು ಹೇಗೂ ಸ್ಮಾರ್ಟ್ ಜಾತಿಯದು. ಅನ್ನ ಬೆಂದದ್ದನ್ನು ಮೂಸಿ ತಿಳಿದು, ಯಜಮಾನನಿಗೆ ವರದಿ ಒಪ್ಪಿಸಿರಬೇಕು. ಆತ ಶೂ ಬಿಚ್ಚಿ ನೇರವಾಗಿ ಅಡುಗೆಮನೆಗೆ ನಡೆದ.

ಕುಕ್ಕರು ತೊಳೆದು ಬೋರಲು ಹಾಕಿದಂತೆಯೇ ಇತ್ತು.

ಅದೇ ಕ್ಷಣದಲ್ಲಿ ನೆಲಮಾಳಿಗೆಯಲ್ಲಿ ಯಾರೋ ಗಂಟಲು ಸರಿಪಡಿಸಿಕೊಂಡರು. ಆಮೇಲೆ ಗೋಡೆಯೊಳಗಿನ ಕೊಳವೆಯಲ್ಲಿ, ಮೊಣಕಾಲಿನ ಎತ್ತರಕ್ಕೆ, ಟಕ್ ಎಂದಿತು. ಸೊಂಟದ ಎತ್ತರಕ್ಕೆ, ಟಕ್. ಭುಜದ ಎತ್ತರಕ್ಕೆ, ಟಕ್. ಒಂದೊಂದೇ ಮೆಟ್ಟಿಲೇರಿ ಬಂದ ಆ ಸದ್ದು ಉಮಾಕಾಂತನ ಬಲಗಿವಿಯ ಪಕ್ಕಕ್ಕೆ ಬಂದು ನಿಂತಿತು. ಹಜಾರದ ಗೋಡೆಯ ಮೇಲಿದ್ದ ದುಂಡನೆಯ ಥರ್ಮೋಸ್ಟ್ಯಾಟು ಕಣ್ಣು ತೆರೆದು, ‘ಇಪ್ಪತ್ತಮೂರು’ ಎಂಬ ಅಂಕಿ ತೋರಿಸಿತು. ಇಪ್ಪತ್ತಮೂರು ಡಿಗ್ರಿಯನ್ನು ಆತ ಕೇಳಿರಲಿಲ್ಲ.

ಕಥೆ ಇಲ್ಲಿಂದ ಮುಂದೆ ಹೋಗುವ ಮುನ್ನ ಒಂದು ಸಣ್ಣ ಡಂಭದ ವಿಚಾರವನ್ನು ಹೇಳಲೇಬೇಕಾಗಿದೆ.

ಉಮಾಕಾಂತ ಸೋಡರ್‌ಟೆಲ್ಯೆಯ ಲಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಹೆಂಡತಿ ಮೈತ್ರೇಯಿ ಹೆರಿಗೆಗೆಂದು ತವರಿಗೆ ಹೋದ ಸಮಯ ನೋಡಿ, ಆಕೆಗೆ ಬರೀ ಫೋಟೋ ತೋರಿಸಿ, ಊರಾಚೆಯ ಬಸ್ಸಿನ ದಾರಿಯಲ್ಲಿ ಈ ಹಳೆಯ ಮರದ ಮನೆಯನ್ನು ಆತ ಕೊಂಡಿದ್ದ. ಫೋಟೋದಲ್ಲಿ ಮನೆ ಕೆಂಪಗೆ ಚೆಂದವಾಗಿತ್ತು. ನೆಲಮಾಳಿಗೆಯಲ್ಲಿ ಕೂತಿದ್ದ, ಸಾವಿರದ ಒಂಬೈನೂರ ಎಪ್ಪತ್ತನಾಲ್ಕನೆಯ ಇಸವಿಯ, ಎಮ್ಮೆಯಷ್ಟು ದೊಡ್ಡ ಬಾಯ್ಲರು ಫೋಟೋದಲ್ಲಿ ಬಂದಿರಲಿಲ್ಲ. ಇಡೀ ಮನೆಗೆ ಶಾಖ ಕೊಡಬೇಕಾದದ್ದು ಅದು. ಅದು ಮನಸ್ಸು ಬಂದಾಗ ಕೊಡುತ್ತಿತ್ತು.

ಮೈತ್ರೇಯಿ ಮಗುವಿನೊಡನೆ ಹೊರಟು ಬರುವ ದಿನ ಗೊತ್ತಾದಾಗ ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು. “ರೀ, ನಾಲ್ಕು ತಿಂಗಳ ಕೂಸು. ಅದರ ಮೂಗಿನ ತುದಿ ತಣ್ಣಗಾದ ದಿನ ನಾನು ವಾಪಸ್ ವಿಮಾನ ಹತ್ತೋಳೇ. ನೀವು ನಿಮ್ಮ ಕೆಂಪು ಮನೇಲಿ ಫೋಟೋ ತೆಗೀತಾ ಇರಿ.”

ಮೈತ್ರೇಯಿ ಹೇಳಿದ್ದನ್ನು ಮಾಡುವ ಹೆಂಗಸು. ಮಗಳನ್ನು ನಾಮಕರಣದ ವೇಳೆಗೆ ಹೋಗಿ ಹನ್ನೊಂದು ದಿನ ಎತ್ತಿಕೊಂಡಿದ್ದ ಉಮಾಕಾಂತನಿಗೆ, ಆ ಹನ್ನೊಂದು ದಿನದ ಭಾರ ಇನ್ನೂ ತೋಳಿನಲ್ಲಿತ್ತು. ಆದ್ದರಿಂದಲೇ ಸ್ಮಾರ್ಟ್ ಥರ್ಮೋಸ್ಟ್ಯಾಟು ಬಂತು. ಅದನ್ನು ಜೋಡಿಸಿದವಳು ಆತನ ತಂಗಿ ನಿವೇದಿತಾ. ಓರೆಬ್ರೂ ವಿಶ್ವವಿದ್ಯಾಲಯದಲ್ಲಿ ಓದುವವಳು, ಒಂದು ಶನಿವಾರ ಬಂದು ಮಧ್ಯಾಹ್ನದೊಳಗೆ ಕೆಲಸ ಮುಗಿಸಿದಳು. ಉಮಾಕಾಂತ ಟಾರ್ಚು ಹಿಡಿದಿದ್ದ.

ಹೊರಡುವಾಗ ಅವಳು, “ಎಲ್ಲಾ ಸೆಟ್ ಮಾಡಿದೀನಿ. ದಯವಿಟ್ಟು ಏನೂ ಮುಟ್ಬೇಡ,” ಎಂದಳು.

ಆತ ಥರ್ಮೋಸ್ಟ್ಯಾಟನ್ನು ಮುಟ್ಟಲಿಲ್ಲ. ಸ್ಪ್ಯಾನರನ್ನು ಮುಟ್ಟಿದ. ಅದನ್ನು ಕೈಯಲ್ಲಿ ಹಿಡಿದು, ಕೆನ್ನೆಗೆ ತುಸು ಮಸಿ ಹಚ್ಚಿಕೊಂಡು, ಬಾಯ್ಲರಿನ ಮುಂದೆ ನಿಂತು ತೆಗೆದ ಫೋಟೋವನ್ನು ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿ, ‘ಎಪ್ಪತ್ತನಾಲ್ಕರ ಬಾಯ್ಲರಿಗೆ ಇಂದಿನ ಬುದ್ಧಿ. ಸ್ವತಃ ನಾನೇ’ ಎಂದು ಬರೆದ. ನಲವತ್ತೊಂದು ಹೆಬ್ಬೆರಳುಗಳು ಬಿದ್ದವು. ನಾರ್‌ಶೋಪಿಂಗಿನ ವೆಂಕಟರಮಣ ಎಂಬುವರು ತಮ್ಮ ಮನೆಗೂ ಬಂದು ಜೋಡಿಸಿಕೊಡಲು ಸಾಧ್ಯವೇ ಎಂದು ಕೇಳಿದರು.

ಹೀಗಾಗಿ, ಬೇಯದ ಅನ್ನ ಮನೆಯಲ್ಲಿದೆ ಎಂದು ಯಂತ್ರ ಹೇಳಿದಾಗ, ‘ಇದೇನೇ?’ ಎಂದು ತಂಗಿಯನ್ನು ಕೇಳುವ ದಾರಿಯನ್ನು ಉಮಾಕಾಂತ ಕೈಯಾರೆ ಮುಚ್ಚಿಕೊಂಡಿದ್ದ. ಗುಂಪಿನಲ್ಲಿ ಅವಳೂ ಇದ್ದಳು. ಆ ಫೋಟೋಕ್ಕೆ ಅವಳು ಹಾಕಿದ್ದು ಹೆಬ್ಬೆರಳಲ್ಲ. ಒಂದು ಟಾರ್ಚಿನ ಚಿತ್ರ.

ಬುಧವಾರ ಬೆಳಿಗ್ಗೆ ಆತ ಪಕ್ಕದ ಮನೆಯ ಮುದುಕ ಬೋರ್ಯೆಯನ್ನು ಟಪಾಲು ಡಬ್ಬಿಯ ಬಳಿ ಹಿಡಿದ. ಬೋರ್ಯೆ ದೇಶದ ಉತ್ತರ ತುದಿಯಿಂದ ಬಂದವನು. ಆ ಸೀಮೆಯವರು ಹೌದು ಎನ್ನಲು ಬಾಯಿ ತೆರೆಯುವುದಿಲ್ಲ, ಚಳಿ ಹೊಕ್ಕವರಂತೆ ಉಸಿರನ್ನು ಸುರ್ರೆಂದು ಒಳಗೆಳೆದುಕೊಳ್ಳುತ್ತಾರೆ. ಹೊಸಬರಿಗೆ ಎದೆ ಧಸಕ್ಕೆನ್ನುತ್ತದೆ.

“ಬೋರ್ಯೆ, ಅನ್ನಾ ಎಂದರೆ ಏನಾದರೂ ಗೊತ್ತೇ?” ಎಂದು ಉಮಾಕಾಂತ ಕೇಳಿದ.

ಬೋರ್ಯೆ ಸುರ್ರೆಂದು ಉಸಿರೆಳೆದ.

“ಏನದು?”

“ಏನಲ್ಲ, ಯಾರು. ನಿನ್ನ ಮನೆಯಲ್ಲಿದ್ದವಳು. ಐವತ್ತೊಂದು ವರ್ಷ ಇದ್ದಳು.” ಬೋರ್ಯೆ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡ. “ಬಾಯ್ಲರು ಅವಳ ಜೀವ. ಮೊದಲು ಸೌದೆ, ಆಮೇಲೆ ಎಣ್ಣೆ. ದಿನಾ ಮೂರೂವರೆ ದಾಟಿದ ಮೇಲೆ ಕೆಳಗಿಳಿದು ಉರಿ ಏರಿಸುತ್ತಿದ್ದಳು. ಇಪ್ಪತ್ತಮೂರಕ್ಕಿಂತ ಒಂದು ಡಿಗ್ರಿ ಕಡಿಮೆಯಾದರೂ ಒಪ್ಪುತ್ತಿರಲಿಲ್ಲ.”

“ಈಗ ಎಲ್ಲಿದ್ದಾರೆ?”

“ಇಗರ್ಜಿಯ ಹಿಂದೆ. ಎರಡನೇ ಸಾಲು.”

ಉಮಾಕಾಂತ ಫೋನು ತೆರೆದು ಹಿಂದಿನ ದಿನದ ಸಂದೇಶವನ್ನು ತೋರಿಸಿದ. ಬೋರ್ಯೆ ಕನ್ನಡಕ ಹಾಕಿಕೊಂಡು ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಆ ಮನೆಯ ಕಡೆಗೆ ತಿರುಗಿ, ಟೋಪಿ ತೆಗೆದು ಎದೆಗೆ ಹಿಡಿದು ನಿಂತ.

“ಹಾಗಾದರೆ,” ಎಂದ ಕೊನೆಗೆ, “ನನ್ನ ಏಣಿಯನ್ನು ಎಲ್ಲಿಟ್ಟಿದ್ದಾಳೆಂದು ಕೇಳು. ಎರಡು ಸಾವಿರದ ಒಂಬತ್ತರಲ್ಲಿ ಒಯ್ದದ್ದು.”

ಅಂದಿನಿಂದ ಉಮಾಕಾಂತನ ಓದಿನಲ್ಲಿ ಅನ್ನ ಹೋಗಿ ಅನ್ನಾ ಬಂದಳು. ಬಂದವಳು ಬಹಳ ಶಿಸ್ತಿನವಳಾಗಿದ್ದಳು. ಬೆಳಿಗ್ಗೆ ಆತ ಬಸ್ಸು ಹತ್ತಿ ಒಂದು ಫರ್ಲಾಂಗು ದಾಟುವುದರೊಳಗೆ ‘ಅನ್ನಾ ಹೊರಗೆ ಹೋಗಿದ್ದಾಳೆ, ಶಾಖ ಇಳಿಸುತ್ತಿದ್ದೇನೆ’ ಎಂದು ಫೋನು ಹೇಳಿತು. ಗುರುವಾರ ಸಂಜೆ, ಬಸ್ಸು ಇಗರ್ಜಿಯ ತಿರುವು ದಾಟುತ್ತಲೇ, ಇನ್ನೂ ಹೊಸ ಬಗೆಯ ಸಂದೇಶವೊಂದು ಬಂತು: ‘ಅನ್ನಾ ಮನೆಯ ದಾರಿಯಲ್ಲಿದ್ದಾಳೆ.’

ಉಮಾಕಾಂತ ತಲೆಯೆತ್ತಿದ. ಬಸ್ಸಿನಲ್ಲಿ ಚಾಲಕನನ್ನು ಬಿಟ್ಟರೆ ಇದ್ದವರು ಇಬ್ಬರೇ. ಒಬ್ಬ ತಾನು. ಇನ್ನೊಬ್ಬಳು ಎದುರು ಸಾಲಿನಲ್ಲಿ ಕೂತಿದ್ದ, ಹೆಣೆದ ಬಿಳಿ ಟೋಪಿಯ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡ ಮುದುಕಿ. ಇಗರ್ಜಿಯ ನಿಲ್ದಾಣದಲ್ಲಿ ಹತ್ತಿದವಳು ಅವಳೊಬ್ಬಳೇ ಎಂದು ಆತನಿಗೆ ಆಗ ನೆನಪಾಯಿತು. ಕಿಟಕಿಗಳಾಚೆ ಮಂಜು. ಮನೆಮನೆಯ ಕಿಟಕಿಯಲ್ಲೂ ಒಂದೊಂದು ದೀಪ, ದೀಪದ ಹಿಂದೆ ಯಾರೂ ಇಲ್ಲ. ಫೋನು ಮತ್ತೆ ನಡುಗಿತು: ‘ಅನ್ನಾ ಹತ್ತಿರ ಬಂದಳು. ಬಿಸಿ ಮಾಡಲು ತೊಡಗಿದ್ದೇನೆ.’ ಮುದುಕಿ ಆತನನ್ನು ನೋಡಿ ನಕ್ಕಳು. ಆತನ ನಿಲ್ದಾಣ ಬರುತ್ತಲೇ ಎದ್ದು, ಆತನಿಗಿಂತ ಮೊದಲೇ ಬಾಗಿಲಿನ ಬಳಿ ನಿಂತಳು.

ಇಳಿದು ಹತ್ತು ಹೆಜ್ಜೆ ಹಿಂದೆ ನಡೆಯುತ್ತಿದ್ದ ಉಮಾಕಾಂತ, ತನ್ನ ಮನೆಯ ಗೇಟು ಕಾಣುತ್ತಲೇ ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ, “ಅನ್ನಾ?” ಎಂದು ಕರೆದ.

ಮುದುಕಿ ತಿರುಗಿದಳು. “ಅಲ್ಲ. ಬಿರ್ಗಿಟ್ಟಾ,” ಎಂದಳು. ಕೈಚೀಲ ಸರಿಪಡಿಸಿಕೊಂಡು, “ಅನ್ನಾಗೆ ನಾನು ಇದೀಗ ಮೇಣದಬತ್ತಿ ಹಚ್ಚಿಟ್ಟು ಬಂದೆ. ಅವಳು ನಿನಗೆ ಹೇಗೆ ಗೊತ್ತು?” ಎಂದು ಕೇಳಿದಳು.

ಉಮಾಕಾಂತ ಉತ್ತರಿಸಲು ಅಲ್ಲಿರಲಿಲ್ಲ. ಓಡಿ ಹೋಗಿ ಬಾಗಿಲು ಹಾಕಿಕೊಂಡ. ಆತ ಬಾಗಿಲು ಹಾಕಿದ ಗಳಿಗೆಗೆ ಸರಿಯಾಗಿ ಫೋನು, ಅನ್ನಾ ಒಳಗೆ ಬಂದಳೆಂದು ತಿಳಿಸಿತು.

ಶುಕ್ರವಾರ ಕಾರ್ಖಾನೆಯ ಕಾಫಿ ವೇಳೆಯಲ್ಲಿ, ಅಂದರೆ ಆ ದೇಶದವರು ಫೀಕಾ ಎಂದು ಕರೆದು ಸಂಧ್ಯಾವಂದನೆಯಂತೆ ಪಾಲಿಸುವ ಹೊತ್ತಿನಲ್ಲಿ, ಆತ ಸಹೋದ್ಯೋಗಿ ತಬ್ರೇಜನ ಮುಂದೆ ಎಲ್ಲವನ್ನೂ ಹೇಳಿಕೊಂಡ. ತಬ್ರೇಜ್ ಹುಬ್ಬಳ್ಳಿಯವನು, ಬ್ರೇಕುಗಳ ತಜ್ಞ, ಯಾವುದನ್ನೂ ಪರೀಕ್ಷೆ ಮಾಡದೆ ನಂಬುವವನಲ್ಲ.

“ಗುರೂ, ಹೆದರ್ಕೊಂಡ್ರೆ ಆಗಲ್ಲ. ಟೆಸ್ಟ್ ಮಾಡೋಣ,” ಎಂದ. “ಭಾನುವಾರ ಬರ್ತೀನಿ. ನಾನು ಒಳಗೆ ಒಬ್ನೇ ಕೂತಿರ್ತೀನಿ. ನೀನು ಹೊರಗೆ ಹೋಗು. ಅವಳು ಮನೆಗೆ ಸೇರಿದೋಳಾದ್ರೆ ನನ್ಹತ್ರ ಮನೇಲೇ ಇರ್ತಾಳೆ. ಸಿಂಪಲ್ಲು.”

ಭಾನುವಾರ ಮಧ್ಯಾಹ್ನ ತಬ್ರೇಜ್ ಹಜಾರದ ಕುರ್ಚಿಯಲ್ಲಿ, ಥರ್ಮೋಸ್ಟ್ಯಾಟಿಗೆ ಎದುರಾಗಿ, ಕೈಯಲ್ಲಿ ವಾಚು ಹಿಡಿದು ಕೂತ. ಉಮಾಕಾಂತ ಬಸ್ ನಿಲ್ದಾಣ ದಾಟಿ ಇಗರ್ಜಿಯ ತನಕ ನಡೆದ. ಫೋನು ನಡುಗಿತು: ‘ಅನ್ನಾ ಹೊರಗೆ ಹೋಗಿದ್ದಾಳೆ.’ ಬೆನ್ನಿಗೇ ತಬ್ರೇಜನ ಸಂದೇಶ: ‘ಬಾಯ್ಲರ್ ಆಫ್ ಆಯ್ತು. ಕೆಂಪು ಲೈಟ್ ಹೋಯ್ತು. ಪಿನ್ ಬಿದ್ರೂ ಕೇಳ್ಸುತ್ತೆ.’ ಹತ್ತು ನಿಮಿಷ ಕಾದು, ಸಮಾಧಿಗಳ ಎರಡನೇ ಸಾಲನ್ನು ನೋಡದೆ, ಉಮಾಕಾಂತ ಹಿಂದಿರುಗಿದ. ಗೇಟಿಗೆ ಬರುವಷ್ಟರಲ್ಲಿ ಒಳಗೆ ಬಾಯ್ಲರು ಗುಡುಗಿದ್ದೂ, ಕೊಳವೆಗಳು ಟಕಟಕನೆ ಮೆಟ್ಟಿಲೇರಿದ್ದೂ, ತಬ್ರೇಜ್ ಒಂದು ಕಾಲಿಗೆ ಮಾತ್ರ ಶೂ ಹಾಕಿಕೊಂಡು ಹೊರಗೆ ಹಾರಿದ್ದೂ ಒಟ್ಟಿಗೆ ನಡೆದವು.

“ಬಂದ್ಳು!” ಎಂದು ಆತ ಏದುಸಿರು ಬಿಟ್ಟ. “ನೀನ್ ಹೋದಾಗ ಹೋದ್ಳು, ಬಂದಾಗ ಬಂದ್ಳು.” ಆಮೇಲೆ ಎರಡು ಹೆಜ್ಜೆ ಹಿಂದಕ್ಕೆ ಸರಿದು, ತಜ್ಞನ ದನಿಯಲ್ಲಿ ತೀರ್ಮಾನ ಹೇಳಿದ: “ಗುರೂ, ಬೇಜಾರ್ ಮಾಡ್ಕೋಬೇಡ. ಅವಳು ಮನೇಲಿಲ್ಲ. ನಿನ್ ಮೈಮೇಲಿದಾಳೆ.”

“ಥೂ, ಬಿಡ್ತು ಅನ್ನೋ!”

“ಡೇಟಾ ಹೇಳ್ತಿದೆ ಗುರೂ, ನಾನಲ್ಲ.”

ಈ ತೀರ್ಮಾನದ ಮೇಲೆ ಆಕ್ಷೇಪಣೆ ಎತ್ತಲು ಉಮಾಕಾಂತನಲ್ಲಿ ಯಾವ ತರ್ಕವೂ ಉಳಿದಿರಲಿಲ್ಲ. ಆತ ಕನ್ನಡಿಯಲ್ಲಿ ತನ್ನ ಮುಖವನ್ನು ಬಹಳ ಹೊತ್ತು ನೋಡಿಕೊಂಡ. ಕಣ್ಣಿನ ಬಣ್ಣ ಸ್ವಲ್ಪ ತಿಳಿಯಾದಂತೆ ಕಂಡಿತು.

ತಬ್ರೇಜ್ ತನ್ನ ಹೆಂಡತಿ ಶಿರೀನಳಿಗೆ ಹೇಳಿದ. ಶಿರೀನ್ ಮೈತ್ರೇಯಿಯ ಆಪ್ತ ಗೆಳತಿ. ಸೋಡರ್‌ಟೆಲ್ಯೆಯಿಂದ ದಾವಣಗೆರೆಗೆ ಆ ಸುದ್ದಿ ಹೋಗುವಾಗ ದಾರಿಯಲ್ಲೆಲ್ಲೋ ಒಂದೇ ಒಂದು ವಿವರ, ಅಂದರೆ ಅನ್ನಾ ಸತ್ತಿದ್ದಾಳೆಂಬುದು, ಉದುರಿಹೋಯಿತು. ಸೋಮವಾರ ಮೈತ್ರೇಯಿಯ ವಿಡಿಯೋ ಕರೆ ಬಂತು.

“ರೀ. ಅನ್ನಾ ಯಾರು?”

“ಅದೇನಂದ್ರೆ ಮೈತ್ರಿ…”

“ನೀವು ಮನೆಗೆ ಬರ್ತಿದ್ದಹಾಗೇ ಅವಳೂ ಬರ್ತಾಳಂತೆ. ನೀವು ಹೊರಟ್ರೆ ಅವಳೂ ಹೊರಡ್ತಾಳಂತೆ. ಬಸ್ಸಲ್ಲೂ ಜೊತೆಗಂತೆ!”

“ಅಯ್ಯೋ, ಅವರಿಗೆ ಎಂಬತ್ತೊಂಬತ್ತು ವಯಸ್ಸು ಕಣೇ!”

“ಓಹೋ, ವಯಸ್ಸೂ ಕೇಳಿ ಇಟ್ಕೊಂಡಿದೀರಿ.”

“ಅವರು ತೀರಿಹೋಗಿದ್ದಾರೆ ಮೈತ್ರಿ! ದೇವರಾಣೆ!”

ಪರದೆಯ ಅಂಚಿನಲ್ಲಿ ಮಗುವಿನ ಒಂದು ಮುಷ್ಟಿ ಮಾತ್ರ ಕಾಣುತ್ತಿತ್ತು.

“ತೀರಿಹೋದೋಳು ಹೀಟರ್ ಯಾಕ್ರೀ ಹಾಕ್ತಾಳೆ?” ಎಂದಳು ಮೈತ್ರೇಯಿ. “ಶುಕ್ರವಾರ ನಾನು ಬರೋ ಹೊತ್ತಿಗೆ ಅವಳು ಅಲ್ಲೇ ಇರ್ಲಿ. ಸತ್ತಿದಾಳೋ ಬದುಕಿದಾಳೋ ನಾನೇ ನೋಡ್ತೀನಿ. ವಾಪಸ್ ಟಿಕೆಟ್ ನನ್ನ ಬ್ಯಾಗಲ್ಲೇ ಇರುತ್ತೆ.”

ಇಷ್ಟಕ್ಕೇ ನಿಂತಿದ್ದರೆ ಉಮಾಕಾಂತ ಎರಡು ದಿನವಾದರೂ ನಿದ್ದೆ ಮಾಡುತ್ತಿದ್ದ. ಆದರೆ ಬುಧವಾರ ಆತ ರಜೆ ಹಾಕಿ ಮನೆಯಲ್ಲಿದ್ದಾಗ, ಬಾಗಿಲಲ್ಲಿ ಅಡಿಯಿಂದ ಮುಡಿಯವರೆಗೆ ಕಪ್ಪು ಬಟ್ಟೆ ತೊಟ್ಟ, ಮುಖದಲ್ಲಿ ಮಸಿಯಿದ್ದ, ಎತ್ತರದ ವ್ಯಕ್ತಿಯೊಬ್ಬ ನಿಂತಿದ್ದ. ಕೈಯಲ್ಲಿ ಹಗ್ಗದ ಸುರುಳಿ. ಉಮಾಕಾಂತ ಆತನನ್ನು ಯಾರೆಂದು ತಿಳಿದನೋ ಗೊತ್ತಿಲ್ಲ, “ಇಷ್ಟು ಬೇಗವೇ?” ಎಂದನಂತೆ.

“ಹದಿನೈದು ದಿನ ಮೊದಲೇ ಚೀಟಿ ಹಾಕಿದ್ದೆ,” ಎಂದ ಆ ವ್ಯಕ್ತಿ. ಆತ ಸೂತಾರೆ, ಅಂದರೆ ಮನೆಮನೆಯ ಚಿಮಣಿಯ ಮಸಿ ತೆಗೆದು ಬಾಯ್ಲರನ್ನು ಪರೀಕ್ಷಿಸುವ ಅಧಿಕಾರವುಳ್ಳವನು. ಉರಿ ಹಾಕಬಾರದೆಂದು ಆತ ಬರೆದರೆ ಆ ಮನೆಯಲ್ಲಿ ಬೆಂಕಿಕಡ್ಡಿ ಗೀರುವುದಕ್ಕೂ ಯೋಚಿಸಬೇಕು.

ಸೂತಾರೆ ನೆಲಮಾಳಿಗೆಗಿಳಿದು, ಬಾಯ್ಲರನ್ನು ಸುತ್ತಿ, ಬಗ್ಗಿ, ಕೊನೆಗೆ ತನ್ನ ಕಪ್ಪು ಬೆರಳನ್ನು ಒಂದು ವೈರಿನ ಮೇಲಿಟ್ಟ. ಅದು ಹೊಗೆಕೊಳವೆಗೆ ತಾಗಿಕೊಂಡೇ ಹಾದುಹೋಗಿತ್ತು.

“ಇದನ್ನು ಜೋಡಿಸಿದವರು ಯಾರು?”

ನಾನು ಎಂದರೆ ತಪ್ಪು ತನ್ನ ತಲೆಗೆ. ತಂಗಿ ಎಂದರೆ ನಲವತ್ತೊಂದು ಹೆಬ್ಬೆರಳುಗಳು ಮಣ್ಣುಪಾಲು. ಸೂತಾರೆ ಕನ್ನಡ ಬಳಗದ ಸದಸ್ಯನಲ್ಲ ಎಂಬ ಸರಳ ಸಂಗತಿ ಆ ಕ್ಷಣದಲ್ಲಿ ಉಮಾಕಾಂತನಿಗೆ ಹೊಳೆಯಲಿಲ್ಲ. ಎಂಟು ದಿನಗಳಿಂದ ನಾಲಗೆಯ ತುದಿಯಲ್ಲಿ ಕೂತಿದ್ದ ಹೆಸರು ತಾನಾಗಿ ಹೊರಬಿತ್ತು.

“ಅನ್ನಾ.”

ಸೂತಾರೆ ಬರೆದುಕೊಂಡ. “ಈ ಮನೆಯಲ್ಲೇ ವಾಸವೇ?”

“ಒಂದು ಲೆಕ್ಕದಲ್ಲಿ… ಹೌದು.”

“ಶುಕ್ರವಾರ ಮೂರು ಗಂಟೆಗೆ ಮರಳಿ ಬರುತ್ತೇನೆ. ಅನ್ನಾ ಖುದ್ದಾಗಿ ಇದ್ದು, ನನ್ನೆದುರಿನಲ್ಲಿ ಇದನ್ನು ಸರಿಪಡಿಸಬೇಕು. ಇಲ್ಲವಾದರೆ ಉರಿ ನಿಷೇಧ.” ಕಾಗದವನ್ನು ಹರಿದು ಕೊಟ್ಟು, ಹಗ್ಗವನ್ನು ಹೆಗಲಿಗೇರಿಸಿ, ಬಂದಷ್ಟೇ ನಿಶ್ಶಬ್ದವಾಗಿ ಆತ ಮಂಜಿನಲ್ಲಿ ಕರಗಿಹೋದ.

ಒಂದು ವಾರ ಯಾವ ಹೆಂಗಸು ತೊಲಗಿದರೆ ಸಾಕೆಂದು ಉಮಾಕಾಂತ ಹನುಮಾನ್ ಚಾಲೀಸಾ ಪಠಿಸಿದ್ದನೋ, ಈಗ ಆ ಹೆಂಗಸು ಶುಕ್ರವಾರ ಮೂರು ಗಂಟೆಗೆ ಪ್ರತ್ಯಕ್ಷಳಾಗದಿದ್ದರೆ ಆತನ ಸಂಸಾರವೇ ವಿಮಾನ ಹತ್ತಿ ಹಿಂದಿರುಗುವಂತಾಯಿತು. ಗುರುವಾರ ಸಂಜೆ ಆತ ನೆಲಮಾಳಿಗೆಗಿಳಿದು, ಬಾಯ್ಲರಿನ ಮುಂದೆ ಒಂದು ಲೋಟ ಕಾಫಿ ಇಟ್ಟು ಬಂದುದನ್ನು ಯಾರೂ ನೋಡಲಿಲ್ಲ.

ಶುಕ್ರವಾರ ನಿವೇದಿತಾ ಅತ್ತಿಗೆಯನ್ನೂ ಮಗುವನ್ನೂ ಕರೆತರಲು ವಿಮಾನ ನಿಲ್ದಾಣಕ್ಕೆ ಹೋದಳು. ಉಮಾಕಾಂತ ಸೂತಾರೆಗಾಗಿ ಮನೆಯಲ್ಲೇ ಉಳಿದ. ಮೂರು ಗಂಟೆಗೆ, ಒಂದು ನಿಮಿಷ ಹಿಂದಿಲ್ಲ ಮುಂದಿಲ್ಲ, ಕಪ್ಪು ಆಕೃತಿ ಬಾಗಿಲಲ್ಲಿತ್ತು.

“ಅನ್ನಾ ಮನೆಯಲ್ಲಿದ್ದಾಳೆಯೇ?”

ಉಮಾಕಾಂತ ಫೋನು ತೋರಿಸಿದ. ಅನ್ನಾ ಮನೆಯಲ್ಲಿ ಇರುವುದಾಗಿ ಅದರಲ್ಲಿ ಸ್ಪಷ್ಟವಾಗಿತ್ತು.

“ಒಳ್ಳೆಯದು. ಕರೆ.”

ಉಮಾಕಾಂತ ನೆಲಮಾಳಿಗೆಯ ಬಾಗಿಲು ತೆರೆದು, ಕತ್ತಲೆಗೆ ಬಾಯಿಟ್ಟು, “ಅನ್ನಾ…” ಎಂದ. ಕೆಳಗಿನಿಂದ ಟಕ್ ಎಂದಿತು. ಸೂತಾರೆ ಹಜಾರದ ಕುರ್ಚಿಯಲ್ಲಿ ಕೂತು ಕಾದ. ಆ ದೇಶದವರು ಕಾಯುವುದನ್ನು ಚಿಕ್ಕಂದಿನಲ್ಲೇ ಕಲಿಯುತ್ತಾರೆ. ಐದು ನಿಮಿಷ ಕಳೆಯಿತು. ಹತ್ತು ಕಳೆಯಿತು. “ಅವರಿಗೆ ಮೊಣಕಾಲು ನೋವು,” ಎಂದು ಉಮಾಕಾಂತ ವಿವರಿಸಿದ. ಸೂತಾರೆ ನಿಷೇಧದ ಕಾಗದವನ್ನು ಹೊರತೆಗೆದು, ಮೊಣಕಾಲ ಮೇಲಿಟ್ಟು, ಪೆನ್ನಿನ ಮುಚ್ಚಳ ಬಿಚ್ಚಿದ.

ಹೊರಗೆ ಟ್ಯಾಕ್ಸಿಯ ಬಾಗಿಲು ಬಡಿಯಿತು. ಮೈತ್ರೇಯಿ, ಕೋಟಿನ ಗುಂಡಿಯೊಂದನ್ನೂ ಬಿಚ್ಚದೆ, ಶಾಲಿನಲ್ಲಿ ಸುತ್ತಿದ ಮಗುವನ್ನು ಎದೆಗವಚಿಕೊಂಡು ಹೊಸ್ತಿಲಲ್ಲಿ ನಿಂತಳು. ಗಂಡನನ್ನು ನೋಡಲಿಲ್ಲ, ಹಜಾರವನ್ನೆಲ್ಲ ನೋಡಿದಳು.

“ಎಲ್ಲಿ ಅವಳು?”

ಆಗಲೇ ಗೇಟಿನ ಕಡೆಯಿಂದ ಎರಡು ಸೂಟ್‌ಕೇಸುಗಳನ್ನು ಹಿಮದಲ್ಲಿ ಎಳೆದು ತರುತ್ತಿದ್ದ ನಿವೇದಿತಾಳ ಕೂಗು, ಇಡೀ ಬೀದಿಗೆ ಕೇಳುವಂತೆ, ಒಳಗೆ ನುಗ್ಗಿತು:

“ಅಣ್ಣಾ! ಲೋ ಅಣ್ಣಾ! ಮರದ ಥರ ನಿಂತಿದೀಯಲ್ಲ, ಬಂದು ಒಂದು ಹಿಡ್ಕೊಳ್ಳೋ!”

ಮಸಿ ಹಿಡಿದ ಆ ಸ್ವೀಡಿಶ್ ಕಿವಿಗೆ ನಕಾರವೂ ಒಂದೇ, ಣಕಾರವೂ ಒಂದೇ. ಸೂತಾರೆ ಎದ್ದು ನಿಂತ. ಕೂಗಿದವಳನ್ನು ನೋಡಿದ, ಅವಳ ಬೆರಳು ತೋರಿದ ದಿಕ್ಕನ್ನು ನೋಡಿದ, ಕೊನೆಗೆ ಉಮಾಕಾಂತನನ್ನು ನೋಡಿದ.

“ನೀನೇ ಅನ್ನಾ,” ಎಂದ. “ಇಷ್ಟು ಹೊತ್ತು ನಿನ್ನನ್ನೇ ಕರೆಯುತ್ತಿದ್ದೆಯಾ?”

ಉಮಾಕಾಂತ ಫೋನನ್ನು ತಂಗಿಯ ಮುಖಕ್ಕೆ ಹಿಡಿದ. ಅವಳು ಓದಿ, “ಹೂಂ, ನೀನೇ,” ಎಂದಳು ಸಹಜವಾಗಿ. “ನನ್ನ ಕಾಂಟ್ಯಾಕ್ಟ್ಸಲ್ಲಿ ನೀನು ಎ, ಎನ್, ಎನ್, ಎ, ಅಣ್ಣ ಅಂತ ತಾನೆ ಇರೋದು? ಅಲ್ಲಿಂದಲೇ ಸೇರಿಸ್ದೆ. ನಿನ್ನ ಫೋನ್ ಮನೆ ಹತ್ರ ಬಂದ್ರೆ ಆನ್, ದೂರ ಹೋದ್ರೆ ಆಫ್. ಮೂರು ನಲವತ್ತಕ್ಕೆ ಬರ್ತೀಯಲ್ಲ, ಚಳಿಯಾಗದಿರ್ಲಿ ಅಂತ ಇಪ್ಪತ್ತಮೂರು ಇಟ್ಟಿದ್ದೆ. ಯಾಕೆ, ಏನಾಯ್ತು?”

ಹತ್ತು ದಿನ ತನ್ನ ಬೆನ್ನು ಹತ್ತಿ ಬಂದ ಪ್ರೇತ ತಾನೇ ಎಂದು ತಿಳಿದ ಮನುಷ್ಯನ ಮುಖಭಾವ ಹೇಗಿರುತ್ತದೆಂದು ವರ್ಣಿಸುವುದು ಕಷ್ಟ. ಸೂತಾರೆಗಂತೂ ಅದರಲ್ಲಿ ಆಸಕ್ತಿಯಿರಲಿಲ್ಲ. “ಹಾಗಾದರೆ ವೈರು ಜೋಡಿಸಿದವನು ನೀನು. ಬಾ, ಸರಿಪಡಿಸು,” ಎಂದು ಕೆಳಗಿಳಿದ. ಹಿಂದೆ ಉಮಾಕಾಂತ. ಅವನ ಹಿಂದೆ ನಿವೇದಿತಾ. ಎಲ್ಲರ ಹಿಂದೆ, ಕೋಟಿನಲ್ಲಿಯೇ, ಮಗುವನ್ನೆತ್ತಿಕೊಂಡು ಮೈತ್ರೇಯಿ.

ಬಾಯ್ಲರಿನ ಮುಂದೆ ಇಕ್ಕಳ ಕೈಗೆ ಬಂತು. ಉಮಾಕಾಂತ ವೈರುಗಳನ್ನು ನೋಡಿದ. ಕೆಂಪೊಂದು, ನೀಲಿಯೊಂದು, ಇನ್ನೊಂದಕ್ಕೆ ಬಣ್ಣವೇ ಇರಲಿಲ್ಲ. ಹೆಂಡತಿಯ ಉಸಿರು ಬೆನ್ನ ಹಿಂದೆ ಕೇಳುತ್ತಿತ್ತು. ಆ ನಿಷೇಧದ ಕಾಗದ ಸೂತಾರೆಯ ಜೇಬಿನಿಂದ ಅರ್ಧ ಇಣುಕಿತ್ತು.

“ನಾನಲ್ಲ,” ಎಂದ ಉಮಾಕಾಂತ. ಮೊದಲು ಸ್ವೀಡಿಶ್‌ನಲ್ಲಿ, ಆಮೇಲೆ ಕನ್ನಡದಲ್ಲಿ. “ನನಗೇನೂ ಗೊತ್ತಿಲ್ಲ. ಮಾಡಿದ್ದೆಲ್ಲ ತಂಗಿ. ನಾನು ಟಾರ್ಚ್ ಹಿಡ್ಕೊಂಡಿದ್ದೆ.”

ಸೂತಾರೆ ಬರೆದುಕೊಂಡ. “ಟಾರ್ಚು ಸರಿಯಾಗಿ ಹಿಡಿದಿದ್ದನೇ?” ಎಂದು ನಿವೇದಿತಾಳನ್ನು ಕೇಳಿದ.

“ಇಲ್ಲ. ಅದಕ್ಕೇ ವೈರು ಕೊಳವೆಗೆ ತಾಗಿದ್ದು ಕಾಣಲಿಲ್ಲ,” ಎಂದಳು ಅವಳು. ನಾಲ್ಕೇ ನಿಮಿಷದಲ್ಲಿ ವೈರನ್ನು ಗೋಡೆಗೆ ಸರಿಸಿ ಕ್ಲಿಪ್ಪು ಹೊಡೆದಳು. ಸೂತಾರೆ ಎರಡು ಬಾರಿ ಎಳೆದು ನೋಡಿ, ನಿಷೇಧದ ಕಾಗದವನ್ನು ಹರಿದು, ಹೋಗಿಬಿಟ್ಟ.

ಈಗ ಉಳಿದದ್ದು ಇನ್ನೊಂದು ತೀರ್ಪು. ಮೈತ್ರೇಯಿ ಬಾಯ್ಲರಿನ ಎದುರಿಗೆ ನಿಂತು, ಶಾಲು ಸರಿಸಿ, ಮಗುವಿನ ಮೂಗಿನ ತುದಿಯನ್ನು ಬೆರಳಿನಿಂದ ಮುಟ್ಟಿದಳು. ಬಹಳ ಹೊತ್ತು ಮುಟ್ಟಿಯೇ ಇದ್ದಳು. ಆಮೇಲೆ ಕೋಟಿನ ಮೇಲಿನ ಗುಂಡಿ ಬಿಚ್ಚಿದಳು. ಎರಡನೆಯದನ್ನೂ ಬಿಚ್ಚಿದಳು. ಮೂರನೆಯದರ ಮೇಲೆ ಕೈ ನಿಂತಿತು.

“ಅಂದ್ರೆ, ಇವರು ಆಫೀಸಿಗೆ ಹೋದ್ರೆ ನಾನೂ ಮಗುನೂ ಇಲ್ಲಿ ನಡುಗ್ತಾ ಕೂರ್ಬೇಕಾ?”

“ಅತ್ತಿಗೆ, ನಿಮ್ಮ ಹಳೇ ಸ್ವೀಡಿಶ್ ನಂಬರ್ ನಿಂತುಹೋಗಿದೆ. ಹೊಸದು ಬರೋಕೆ ಮೂರು ವಾರ ಆಗುತ್ತೆ. ಅಲ್ಲೀವರ್ಗೂ ಅಣ್ಣನ ಫೋನ್ ಇದ್ರೇನೇ ಬಿಸಿ,” ಎಂದಳು ನಿವೇದಿತಾ.

ಮೈತ್ರೇಯಿ ಗಂಡನ ಕಡೆಗೆ ಕೈ ಚಾಚಿದಳು. “ಹಾಗಾದ್ರೆ ಫೋನ್ ಮನೇಲಿರ್ಲಿ,” ಎಂದಳು. “ನೀವು ಹೋಗಿ ಬನ್ನಿ.” ಮೂರನೆಯ ಗುಂಡಿ ಬಿಚ್ಚಿತು.

ಸೋಮವಾರ ಉಮಾಕಾಂತ ಫೋನಿಲ್ಲದೆ ಕೆಲಸಕ್ಕೆ ಹೋಗಿ, ಫೋನಿಲ್ಲದೆ ಬಸ್ಸು ಹತ್ತಿ ಬಂದ. ಇಗರ್ಜಿಯ ತಿರುವಿನಲ್ಲಿ ಯಾವುದೂ ನಡುಗಲಿಲ್ಲ. ಆತ ಬರುತ್ತಿದ್ದಾನೆಂದು ಯಾರಿಗೂ ಯಾರೂ ತಿಳಿಸಲಿಲ್ಲ. ಹಿಮದಲ್ಲಿ ಹೆಜ್ಜೆಯ ಸದ್ದೂ ಇಲ್ಲ. ಗೇಟಿನ ಬಳಿ ನಿಂತು ನೋಡಿದರೆ ಮನೆ ತುಂಬ ಬೆಳಕು, ಕಿಟಕಿಯ ಗಾಜಿನ ಮೇಲೆ ಆವಿ, ಒಳಗೆ ಬಾಯ್ಲರಿನ ಗುಡುಗು, ಮಗುವಿನ ದನಿ. ಮನೆಯ ಪ್ರಕಾರ ಯಜಮಾನ ಬೆಳಗಿನಿಂದ ಒಳಗೇ ಇದ್ದ. ಹಾಗಾದರೆ ಈ ಕತ್ತಲಲ್ಲಿ ಬಂದು ನಿಂತವನು ಯಾರೆಂದು ಉಮಾಕಾಂತನಿಗೇ ಒಂದು ಕ್ಷಣ ಅನುಮಾನವಾಯಿತು.

ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಆತ ಮೆಲ್ಲಗೆ ತಟ್ಟಿದ.

ಮಗುವಿನ ದನಿ ನಿಂತಿತು. “ಯಾರು?” ಎಂದಳು ಮೈತ್ರೇಯಿ.

“ನಾನು.”

“ನಾನು ಅಂದ್ರೆ?”

ಉಮಾಕಾಂತ ಯೋಚಿಸಿದ. ಗೊತ್ತಿದ್ದ ಹೆಸರುಗಳಲ್ಲೆಲ್ಲ ಯಾವುದು ಸುರಕ್ಷಿತವೆಂದು ತಿಳಿಯಲಿಲ್ಲ. ಕೊನೆಗೆ ಆ ದೇಶದಲ್ಲಿ ಮನುಷ್ಯನೊಬ್ಬ ಇದ್ದಾನೆಂಬುದಕ್ಕೆ ಇರುವ ಏಕೈಕ ಪುರಾವೆಯನ್ನು, ತನ್ನ ಹನ್ನೆರಡು ಅಂಕಿಗಳ ಗುರುತಿನ ಸಂಖ್ಯೆಯಾದ ಪೆರ್ಸೂನ್‌ನುಮ್ಮರನ್ನು, ಬಾಗಿಲಿಗೆ ಬಾಯಿಟ್ಟು ಒಂದೊಂದಾಗಿ ಒಪ್ಪಿಸಿದ.

ಒಳಗೆ ಚಿಲಕದ ಮೇಲೆ ಕೈ ಬಿದ್ದ ಸದ್ದಾಯಿತು.

“ಕೊನೇ ನಾಲ್ಕು ಅಂಕಿ,” ಎಂದಳು ಮೈತ್ರೇಯಿ, “ಇನ್ನೊಂದ್ಸಲ ಹೇಳಿ.”